ಬೆಸುಗೆಯಲ್ಲಿ ಮಾಯವಾದ ಗೆರೆ

ಬಾತಾಮ್, ಇಂಡೋನೇಷ್ಯಾ, ಮಾರ್ಚ್ ೧೪, ಗುರುವಾರ

ಹಡಗಿನ ತಳದ ಬೆಸುಗೆಯಲ್ಲಿ ನಿನ್ನೆ ಹಳೇ ಯಂತ್ರದಲ್ಲಿ ಕಂಡಿದ್ದ ಬಿರುಕಿನಂಥ ಗೆರೆ ಇವತ್ತು ಹೊಸ ಯಂತ್ರದಲ್ಲಿ ಮಾಯ. ಅದರ ಹೊಸ ಸಾಫ್ಟ್‌ವೇರ್ ಅಲ್ಟ್ರಾಸೌಂಡ್ ಚಿತ್ರವನ್ನು ತಿಳಿಗೊಳಿಸಿದೆಯಂತೆ.

"ಅದು ಬರೀ ಕಸ ಕಣಮ್ಮ, ಹೋಯ್ತು. ತಪಾಸಣೆ ವರದಿಗೆ ಸಹಿ ಹಾಕು," ಎಂದರು ಮೇಲ್ವಿಚಾರಕ ತಿಗೋರ್. ಶನಿವಾರ ಹಡಗು ನೀರಿಗಿಳಿಯಬೇಕು. ಅವರ ಅವಸರದ ಮೇಲೇ ನನಗೆ ಗುಮಾನಿ.

ಪರೀಕ್ಷೆಗೆಂದೇ ಬಿರುಕು ಬಿಡಿಸಿಟ್ಟಿರುವ ಉಕ್ಕಿನ ತುಂಡನ್ನು ಅದೇ ಯಂತ್ರಕ್ಕೆ ಕೊಟ್ಟೆ. ಪರದೆಯಲ್ಲಿ ಬಿರುಕೇ ಇಲ್ಲ. ತಿಗೋರ್ ತಾವೇ ಮತ್ತೊಮ್ಮೆ ಇಟ್ಟು ನೋಡಿ, ನನ್ನತ್ತ ತಿರುಗಿದರು.

"ಈ ಯಂತ್ರ ಬಂದು ಎಷ್ಟು ದಿನ ಆಯ್ತು, ಯುಸ್ನಿ?"

"ಆರು ವಾರ, ಸರ್."

ಶನಿವಾರದ್ದನ್ನು ಅವರೇ ನಿಲ್ಲಿಸಿದರು. ಅವರನ್ನು ಅನುಮಾನಿಸಿದ್ದಕ್ಕೆ ನಾಚಿಕೆಯಾಯಿತು. ಆದರೆ ಕಳೆದ ತಿಂಗಳು ತಂಜುಂಗ್ ಪಿನಾಂಗ್ ಊರಿಗೆ ಹೋಗುವ ಪ್ರಯಾಣಿಕರ ದೋಣಿಗೆ ಇದೇ ಯಂತ್ರದ ಚಿತ್ರ ನಂಬಿ ಸಹಿ ಹಾಕಿದವಳು ನಾನು. ನಾಳೆ ಬೆಳಗ್ಗೆ ಏಳಕ್ಕೆ ಅದು ಜನರನ್ನು ತುಂಬಿಕೊಂಡು ಹೊರಡುತ್ತದೆ. ಬಂದರಿನಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ. ಐದಕ್ಕೇ ಹೋಗಿ ದೋಣಿ ಹತ್ತುವ ಹಲಗೆಗೆ ಅಡ್ಡ ನಿಲ್ಲುತ್ತೇನೆ, ನನ್ನನ್ನು ದಾಟಿ ಯಾರು ಹತ್ತುತ್ತಾರೋ ನೋಡುತ್ತೇನೆ.