ಬೆಲ್ಟ್ ನಿಲ್ಲಿಸುವ ಸನ್ನೆ

ಹ್ಯಾಚಿ ಬೆಂಡ್, ಮಿಸಿಸಿಪ್ಪಿ
ಸೋಮವಾರ, ೧೪ ನವೆಂಬರ್ ೨೦೧೬

ಫೋನು ಎತ್ತದ ನನ್ನ ಮಗ ಟೆವಿನ್‌ಗೆ,

ನಿನ್ನ ತಾಯಿಯ ಆಶೀರ್ವಾದ. ಹೇಗಿದ್ದೀಯ? ಬಲಭುಜದ ನೋವು ಹೇಗಿದೆ? ಚೆಂಡು ಎಸೆಯೋಕೇ ಬಿಡದ ತಂಡದಲ್ಲಿ ಹುಡುಗನಿಗೆ ಭುಜ ಹೇಗೆ ನೋಯುತ್ತೆ ಅಂತ ನಿನ್ನ ಮಾವ ರೂಫಸ್ ಕೇಳುತ್ತಾನೆ. ಅವನ ಬಾಯಿಗೆ ಬೀಗ ಇಲ್ಲ, ಬಿಡು. ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಟಿವಿಯಲ್ಲಿ ಕೆನ್ನೆ ಒಳಗೆ ಹೋದ ಹಾಗೆ ಕಂಡಿತು. ಇಲ್ಲಿ ನಾವು ಚೆನ್ನಾಗಿದ್ದೇವೆ. ನನ್ನ ಮಣಿಕಟ್ಟು ಬೆಳಗಿನ ಹೊತ್ತು ಮರದ ತುಂಡಿನ ಹಾಗಿರುತ್ತದೆ, ಬಿಸಿನೀರಲ್ಲಿ ಅದ್ದಿದ ಮೇಲೆ ಚಾಕು ಹಿಡಿಯುತ್ತದೆ. ಹಿತ್ತಲಲ್ಲಿ ಸೊಪ್ಪು ಚೆನ್ನಾಗಿ ಬಂದಿದೆ. ಚರ್ಚಿನ ಛಾವಣಿ ಮತ್ತೆ ಸೋರುತ್ತಿದೆ, ಪಾದ್ರಿ ಮತ್ತೆ ತಾಳ್ಮೆಯ ಬಗ್ಗೆ ಉಪದೇಶ ಮಾಡಿದರು.

ಫೋನು ಮಾಡಿದರೆ ಒಂದು ಹೆಣ್ಣುದನಿ ಬಂದು, ಪೆಟ್ಟಿಗೆ ತುಂಬಿದೆ, ಇನ್ನು ಮಾತು ಹಿಡಿಸುವುದಿಲ್ಲ ಅನ್ನುತ್ತದೆ. ತುಂಬಿಸಿದವಳು ನಾನೇ. ಶನಿವಾರ ಸಂಜೆಯಿಂದ ಬೈದು ಬೈದು ತುಂಬಿಸಿದ್ದೇನೆ. ಬೈಯೋಕೆ ಜಾಗ ಮುಗಿದದ್ದಕ್ಕೆ ಕಾಗದ ಹಿಡಿದೆ. ರೂಫಸ್ ರಾತ್ರಿಯೆಲ್ಲ ಮೀನಿನ ಲಾರಿ ಹೊಡೆದುಕೊಂಡು ಬುಧವಾರ ಬೆಳಿಗ್ಗೆ ಅಲ್ಲಿಗೇ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ನೀನು ಓದಿ ಮುಗಿಸುವ ತನಕ ಅವನು ನಿನ್ನ ಬಾಗಿಲಲ್ಲೇ ನಿಂತಿರಬೇಕು ಅಂತ ಹೇಳಿದ್ದೇನೆ. ಗುರುವಾರದ ಬಸ್ಸಿಗೆ ಟಿಕೆಟ್ ತೆಗೆಸಿದ್ದೀಯಂತೆ, ಬಟ್ಟೆ ಕಟ್ಟುತ್ತಿದ್ದೀಯಂತೆ. ತಾಯಿಗೆ ಹೇಳಲಿಲ್ಲ, ಮಾವನಿಗೆ ಹೇಳಿದೆ. ಆ ಮಾವ ಅದನ್ನು ಕ್ಷೌರದಂಗಡಿಯಲ್ಲಿ ಹೇಳಿದ. ಅಲ್ಲಿಂದ ನನಗೆ ಬಂತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಸುದ್ದಿ ನನಗೆ ಊರು ಸುತ್ತಿ ಬರಬೇಕಾ?

ಈ ವರ್ಷ ಪ್ರತಿ ಶನಿವಾರ ನಮ್ಮ ಮನೆ ತುಂಬಿ ತುಳುಕುತ್ತದೆ. ಫ್ಯಾಕ್ಟರಿಯಲ್ಲಿ ಮೀನು ಸಾಗುವ ನಮ್ಮ ಬೆಲ್ಟಿನ ಹೆಂಗಸರೆಲ್ಲ ಪಾಳಿ ಮುಗಿಸಿ, ಮೀನಿನ ವಾಸನೆ ಹೊತ್ತುಕೊಂಡೇ ಬಂದು ನನ್ನ ಸೋಫಾದ ಮೇಲೆ ಕೂರುತ್ತಾರೆ. ಟಿವಿಯಲ್ಲಿ ನಿಮ್ಮ ಕಾಲೇಜಿನ ಫುಟ್‌ಬಾಲ್ ನೋಡೋಕಲ್ಲ, ನಿನ್ನ ಕೈ ಓದೋಕೆ. ಮೊದಲು ನೀನು ನಮಗೆ ಏನು ಹೇಳಿದ್ದೆ, ನೆನಪಿದೆಯಾ? ಮೈದಾನದ ಗೆರೆಯ ಪಕ್ಕ ನಿಂತು ಸನ್ನೆಯಲ್ಲಿ ಆಟ ನಡೆಸೋನು ನಾನೇ ಅಮ್ಮ, ಅಂದಿದ್ದೆ. ನಾನು ಚರ್ಚಿನ ತುಂಬ ಸಾರಿದೆ. ಆಮೇಲೆ ರೂಫಸ್ ತಿಳಿದುಕೊಂಡು ಬಂದ. ಕೆಂಪು ಟೋಪಿ ಹಾಕಿದ ಮೂವರು ಸಾಲಾಗಿ ನಿಂತು ಕೈ ಬೀಸುತ್ತಾರಂತೆ, ಅದರಲ್ಲಿ ಒಬ್ಬನ ಸನ್ನೆ ಮಾತ್ರ ನಿಜವಂತೆ, ಉಳಿದದ್ದು ಎದುರಿನ ತಂಡದ ಕಣ್ಣು ಕಟ್ಟೋಕೆ ಮಾಡುವ ಸುಳ್ಳಂತೆ. ನಿನ್ನದು ಯಾವತ್ತೂ ಸುಳ್ಳಿನ ಪಾಳಿಯಂತೆ. "ಅಂದ್ರೆ ಅಕ್ಕ, ನಮ್ಮ ಹುಡುಗ ಹೊಲದ ಬೆರ್ಚಪ್ಪ" ಅಂದ. ಆ ದಿನ ಅವನಿಗೆ ಊಟ ಹಾಕಲಿಲ್ಲ.

ಸುಳ್ಳು ಸನ್ನೆ ಅಂದಮೇಲೆ ಏನು ಬೇಕಾದರೂ ಮಾಡಬಹುದಲ್ಲ. ನೀನು ನಮ್ಮ ಬೆಲ್ಟಿನ ಸನ್ನೆ ಮಾಡೋಕೆ ಶುರುಮಾಡಿದೆ. ಯಂತ್ರದ ಸದ್ದಿಗೆ ಕಿವಿಗೆ ಬೆಣೆ ಜಡಿದುಕೊಂಡು, ಬಾಯಿ ಆಡಿಸಿದರೆ ಸೂಪರ್‌ವೈಸರ್ ಕಣ್ಣು ಬಿಡುತ್ತಾನೆ ಅಂತ ನಾವು ಹೆಂಗಸರು ಕಟ್ಟಿಕೊಂಡ ಕೈಮಾತು ಅದು. ಮನೆಯಲ್ಲೂ ಚರ್ಚಿನಲ್ಲೂ ಅದೇ ಚಾಳಿ ನಮಗೆ. ತೊಡೆಯ ಮೇಲೆ ಕೂತು ನೀನು ಮಾತಿಗಿಂತ ಮೊದಲು ಅದನ್ನೇ ಕಲಿತೆ. ಸೀಸನ್ನಿನ ಮೊದಲ ಶನಿವಾರ ನಿಮ್ಮ ದೊಡ್ಡ ಕೋಚ್ ನಿನ್ನ ಹಿಂದೆ ಹಾದುಹೋದಾಗ ಎರಡು ಬೆರಳಿಂದ ಕಾಲರ್ ಮುಟ್ಟಿದೆಯಲ್ಲ, ಸೂಪರ್‌ವೈಸರ್ ಬಂದ ಅಂತ, ಬೆಲ್ಟಿನಲ್ಲೂ ಸೋಫಾದಲ್ಲೂ ನನ್ನ ಪಕ್ಕದಲ್ಲೇ ಇರುವ ಎರ್ನೆಸ್ಟೀನ್ ಬಾಯಲ್ಲಿದ್ದ ಗೆಣಸಿನ ಪೈ ನನ್ನ ಕಾರ್ಪೆಟ್ಟಿನ ಮೇಲೆ ಬಿತ್ತು. ನಿಮ್ಮ ತಂಡದವನೇ ಚೆಂಡನ್ನು ಎದುರಾಳಿಯ ಕೈಗೇ ಎಸೆದಾಗ ಮೊಣಕೈ ಉಜ್ಜಿದೆ, ಚಾಕು ಮೊಂಡು ಅಂತ. ಮನೆಯೆಲ್ಲ ಬಿದ್ದು ಬಿದ್ದು ನಗು. ಟಿವಿಯಲ್ಲಿ ಮಾತಾಡುವವರು ಇದೇನೋ ಭಾರೀ ತಂತ್ರ ಅಂತ ವಿವರಿಸುತ್ತಿದ್ದರು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ನಕ್ಕು ಕಣ್ಣೊರೆಸಿಕೊಂಡ ಮೇಲೆ ನಿನ್ನ ಕೈಯನ್ನೇ ನೋಡಿದೆ. ನೀರಿನ ಕಾಲುವೆಯ ಈ ದಡದಿಂದ ಆ ದಡಕ್ಕೆ, ಓಡುತ್ತಿರುವ ರೂಫಸ್‌ನ ಎದೆಗೇ ಬೀಳುವ ಹಾಗೆ ಚೆಂಡು ಎಸೆಯುತ್ತಿದ್ದ ಕೈ ಅದು. ಹೈಸ್ಕೂಲಿನಲ್ಲಿ ಹನ್ನೊಂದು ಹುಡುಗರ ತಂಡವನ್ನು ಒಂದು ಕಣ್ಣುಸನ್ನೆಯಲ್ಲಿ ನಡೆಸಿ ಊರಿಗೆ ರಾಜ್ಯದ ಕಪ್ ತಂದ, ಚೆಂಡು ಎಸೆದು ಆಟ ಕಟ್ಟುವ ಕ್ವಾರ್ಟರ್‌ಬ್ಯಾಕ್‌ನ ಕೈ. ಆ ಕೈ ಈಗ ಹೆಂಗಸರನ್ನು ನಗಿಸೋಕೆ ಮೊಣಕೈ ಉಜ್ಜುತ್ತಿದೆ.

ನಿನ್ನನ್ನು ಕಾಲೇಜಿಗೆ ಕರೆದೊಯ್ಯೋಕೆ ಬಂದಾಗ ನಿಮ್ಮ ದೊಡ್ಡ ಕೋಚ್ ಇದೇ ಸೋಫಾದ ಮೇಲೆ ಕೂತಿದ್ದ. ನಾನು ಹುರಿದ ಮೀನು ತಿಂದು, ಬೆರಳು ನೆಕ್ಕಿ, "ಅಮ್ಮಾವ್ರೇ, ನನ್ನ ತಂಡಾನ ನಿಮ್ಮ ಮಗನ ಕೈಗೆ ಕೊಡ್ತೀನಿ" ಅಂದಿದ್ದ. ನೀನು ಅಲ್ಲಿಗೆ ಹೋದ ಮೊದಲ ಬೇಸಿಗೆಯಲ್ಲೇ ಮಾತು ತಿರುಗಿತು. ಕಾಲು ಚುರುಕಾಗಿದೆ, ಎಸೆಯೋದು ಬಿಡು, ಬೇರೆಯವರು ಎಸೆದದ್ದನ್ನು ಓಡಿ ಹಿಡಿ. ನೀನು ಒಪ್ಪಲಿಲ್ಲ. ಅವತ್ತು ನನಗೆ ಎಷ್ಟು ಹೆಮ್ಮೆಯಾಯಿತು ಅಂತ ನಿನಗೆ ಗೊತ್ತು. ಅವರಿಗೆ ನಿನ್ನ ಮೈ ಬೇಕು, ನಿನ್ನ ತಲೆ ಬೇಡ. ಬಿಳಿ ಹುಡುಗ ಯೋಚಿಸಬೇಕು, ಕರಿ ಹುಡುಗ ಓಡಬೇಕು. ನನ್ನಜ್ಜಿ ಬಗ್ಗಿದ ಹತ್ತಿ ಹೊಲದಲ್ಲೂ ಇದೇ ಲೆಕ್ಕ ಇತ್ತು. ಈಗ ಹತ್ತಿಯ ಬದಲು ಹುಲ್ಲು, ಅಷ್ಟೇ. ಕಾಲ ಬದಲಾಗಿದೆ ಲುವೀನಿಯಾ, ಟಿವಿ ತುಂಬ ನಮ್ಮ ಬಣ್ಣದ ಕ್ವಾರ್ಟರ್‌ಬ್ಯಾಕ್‌ಗಳಿಲ್ಲವೇ, ಅಂತಾರೆ ಪಾದ್ರಿ. ಇದ್ದಾರೆ. ನಮ್ಮ ಫ್ಯಾಕ್ಟರಿಯಲ್ಲೂ ನಮ್ಮ ಬಣ್ಣದ ಒಬ್ಬಳನ್ನು ಸೂಪರ್‌ವೈಸರ್ ಮಾಡಿ ಗೋಡೆಗೆ ಫೋಟೋ ಹಾಕಿದ್ದಾರೆ. ಬೆಲ್ಟ್ ನಿಧಾನವಾಯಿತಾ?

ಇನ್ನು ಮೊನ್ನೆ ಶನಿವಾರಕ್ಕೆ ಬರುತ್ತೇನೆ. ನಿಮ್ಮ ಮೊದಲನೆಯ ಕ್ವಾರ್ಟರ್‌ಬ್ಯಾಕ್ ಅಕ್ಟೋಬರಿನಲ್ಲೇ ಭುಜ ಮುರಿದುಕೊಂಡು ಕೂತಿದ್ದ. ಮೊನ್ನೆ ಎರಡನೆಯವನ ಕಾಲು ತಿರುಚಿಕೊಂಡಿತು. ಮೂರನೆಯವನು ನೀನು. ಇದಕ್ಕೆ ಲೆಕ್ಕ ಓದಿರಬೇಕಾಗಿಲ್ಲ. ನೀನು ಕೆಂಪು ಟೋಪಿ ಕಿತ್ತೆಸೆದೆ, ಹೆಲ್ಮೆಟ್ ಹಾಕಿಕೊಂಡೆ. ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಂತರು. ಎರ್ನೆಸ್ಟೀನ್ ಆ ಮಂಡಿನೋವು ಇಟ್ಟುಕೊಂಡು ನೆಲಕ್ಕೆ ಮಂಡಿಯೂರಿ ಸ್ತೋತ್ರ ಹೇಳೋಕೆ ಶುರುಮಾಡಿದಳು. ನೀನು ಗೆರೆ ದಾಟುವ ಹೊತ್ತಿಗೆ ದೊಡ್ಡ ಕೋಚ್ ಅನ್ನುವ ಆ ಮನುಷ್ಯ ಹಿಂದಿನಿಂದ ನಿನ್ನ ಅಂಗಿಯ ಕತ್ತುಪಟ್ಟಿ ಹಿಡಿದ. ದನದ ಹಗ್ಗ ಹಿಡಿದ ಹಾಗೆ ಹಿಡಿದು ನಿನ್ನನ್ನು ಹಿಂದಕ್ಕೆ ತಿರುಗಿಸಿದ. ಈ ವರ್ಷ ಆಡಿಸದೆ ಮುಂದಿನ ವರ್ಷಗಳಿಗೆ ಅಂತ ಜೋಪಾನ ಮಾಡಿಟ್ಟಿದ್ದ ಆ ಹೊಸ ಹುಡುಗನ ಬೆನ್ನು ತಟ್ಟಿ ಒಳಗೆ ಕಳಿಸಿದ. ಅವನಿಗೆ ಇನ್ನೂ ಮೀಸೆ ಕೂಡ ಮೂಡಿಲ್ಲ. ನೀನು ಹೆಲ್ಮೆಟ್ ತೆಗೆದು ಮತ್ತೆ ಟೋಪಿ ಹುಡುಕಿದ್ದನ್ನು ಕ್ಯಾಮೆರಾ ಬಿಡದೆ ತೋರಿಸಿತು. ಟೋಪಿ ಹಾಕಿಕೊಂಡೆ. ಆಮೇಲೆ ಎರಡೂ ಕೈ ತಲೆಯ ಮೇಲೆತ್ತಿ ಮಣಿಕಟ್ಟು ಅಡ್ಡ ಹಾಕಿದೆ.

ಬೆಲ್ಟ್ ನಿಲ್ಲಿಸುವ ಸನ್ನೆ.

ಬಾಯಿಗೆ ಹೋಗುತ್ತಿದ್ದ ಕಾರ್ನ್‌ಬ್ರೆಡ್ ದಾರಿಯಲ್ಲೇ ನಿಂತಿತು. ಟಿವಿಯವನು ಏನೋ ಹೊಸ ಸನ್ನೆ ಅಂತ ನಕ್ಕ. ಆ ಸನ್ನೆ ಎಲ್ಲಿಂದ ಹುಟ್ಟಿತು ಅಂತ ನಿನಗೆ ಎಷ್ಟು ಸಾರಿ ಹೇಳಿದ್ದೇನೆ? ಎರ್ನೆಸ್ಟೀನ್‌ಳ ಬೆರಳು ಗರಗಸಕ್ಕೆ ಸಿಕ್ಕಾಗ ಅವಳ ಕೂಗು ನಮಗ್ಯಾರಿಗೂ ಕೇಳಲಿಲ್ಲ. ಕೇಳಿದ ಸೂಪರ್‌ವೈಸರ್, ಈ ಲೋಡ್ ಮುಗೀಲಿ ಅಂದ. ಆಮೇಲಿನ ಮುಷ್ಕರದಲ್ಲಿ, ಗೇಟಿನ ಮುಂದೆ ಬಿಸಿಲಲ್ಲಿ ಕೂತು, ನಾವು ಮಾಡಿಕೊಂಡ ಕಾನೂನು ಅದು. ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲ. ಒಬ್ಬಳು ಕೈ ಅಡ್ಡ ಹಾಕಿದರೆ ಎಲ್ಲರ ಕೈ ಮೀನಿನಿಂದ ಮೇಲೇಳಬೇಕು. ಆ ಸನ್ನೆಯನ್ನು ತಮಾಷೆಗೆ ಯಾರೂ ಮಾಡುವುದಿಲ್ಲ. ನೀನು ಚಿಕ್ಕವನಿದ್ದಾಗ ಚರ್ಚಿನ ಊಟದಲ್ಲಿ ಐಸ್‌ಕ್ರೀಮಿಗೆ ಅಂತ ಮಾಡಿದ್ದಕ್ಕೆ ಎರ್ನೆಸ್ಟೀನ್ ಉಳಿದ ಬೆರಳುಗಳಲ್ಲೇ ನಿನ್ನ ಕೆನ್ನೆಗೆ ಬಾರಿಸಿದ್ದಳು. ಮರೆತೆಯಾ? ನಿನ್ನ ಯಾವ ಬೆರಳು ಹೋಯಿತು ಈಗ? ಲಕ್ಷ ಜನ ನೋಡುವ ಕಡೆ ಆ ಸನ್ನೆ ಮಾಡಿ, ಫೋನು ಆರಿಸಿ, ಬಸ್ ಟಿಕೆಟ್ ತೆಗೆಸಿದ್ದೀಯಲ್ಲ, ನಿನ್ನ ಬುದ್ಧಿಗೆ ಏನು ಹೇಳಲಿ?

ಕೇಳು. ನೀನು ಬಸ್ ಹತ್ತಿದರೆ ಆ ಮನುಷ್ಯನಿಗೆ ಏನು ನಷ್ಟ? ಕೆಂಪು ಟೋಪಿಗೆ ಇನ್ನೊಂದು ತಲೆ ಸಿಗುತ್ತದೆ. ನಷ್ಟ ಯಾರಿಗೆ? ಡಿಸೆಂಬರಿನಲ್ಲಿ ಪರೀಕ್ಷೆ, ಆಮೇಲೆ ಡಿಗ್ರಿ. ನಡುವೆ ತಂಡ ಬಿಟ್ಟರೆ ವಿದ್ಯಾರ್ಥಿವೇತನ ಕಿತ್ತುಕೊಳ್ಳುತ್ತಾರೆ, ರೂಮಿನ ಬೀಗ ಬದಲಾಯಿಸುತ್ತಾರೆ. ಇಷ್ಟು ವರ್ಷ ನಿನ್ನ ಮೂಳೆ, ನಿನ್ನ ಬೆವರು, ನಿನ್ನ ಶನಿವಾರ ಎಲ್ಲ ಅವರಿಗೆ ಕೊಟ್ಟೆ. ಬದಲಿಗೆ ಬರುವುದು ಆ ಒಂದು ಕಾಗದ. ಅದನ್ನೂ ಅವರಿಗೇ ದಾನ ಮಾಡಿ ಬರುತ್ತೀಯಾ? ಬಂದು ಏನು ಮಾಡುತ್ತೀಯ, ನನ್ನ ಪಕ್ಕ ನಿಂತು ಮೀನು ಸೀಳುತ್ತೀಯಾ? ನೋಡಿ, ಆ ಊರಿನವರಿಗೆ ಮುಗಿಸುವ ತಾಕತ್ತಿಲ್ಲ ಅಂತ ಅವರು ಹೇಳೋಕೆ ಕಾಯುತ್ತಿದ್ದಾರೆ, ಆ ಮಾತನ್ನು ನೀನೇ ಹೋಗಿ ಅವರ ಬಾಯಿಗಿಡುತ್ತೀಯ.

ಬರುವ ಶನಿವಾರ ನಿಮ್ಮ ಮೈದಾನದಲ್ಲಿ ಕೊನೆಯ ಆಟ. ಕೊನೆಯ ವರ್ಷದ ಹುಡುಗರು ತಾಯಂದಿರ ತೋಳು ಹಿಡಿದು ಮೈದಾನದ ನಡುವಿಗೆ ನಡೆಯುತ್ತಾರೆ, ತಾಯಿಗೆ ಹೂವು, ಕೋಚ್‌ನಿಂದ ಅಪ್ಪುಗೆ. ಹಳದಿ ಟೋಪಿ ಹಾಕಿಕೊಂಡು ಬಾ ಅಮ್ಮ ಅಂತ ಆಗಸ್ಟಿನಲ್ಲೇ ಹೇಳಿದ್ದೆ. ಆ ಮನುಷ್ಯ ನನ್ನನ್ನು ಅಪ್ಪಿಕೊಳ್ಳುವುದನ್ನು ನೆನೆದರೆ ಮೈಮೇಲೆ ಬೆಂಕಿ ಸುರಿದ ಹಾಗಾಗುತ್ತದೆ. ಆದರೂ ನುಂಗುತ್ತೇನೆ. ನೀನೂ ನುಂಗು. ಶನಿವಾರದ ಪಾಳಿಗೆ ರಜ ಕೊಡುವುದಿಲ್ಲ ಅಂದಿದ್ದಾರೆ, ಕಾಯಿಲೆ ಅಂತ ಸುಳ್ಳು ಹೇಳಿ ನಾನೊಬ್ಬಳೇ ಬರುತ್ತೇನೆ. ಕೈ ಬೀಸು ಅಂದರೆ ಬೀಸು. ಬಸ್ ಮಾತ್ರ ಹತ್ತಬೇಡ.

ಪಕ್ಕದ ಮನೆಯವರು, ಚರ್ಚಿನವರು ಎಲ್ಲರೂ ನಿನ್ನ ಕ್ಷೇಮ ಕೇಳಿದ್ದಾರೆ. ರೂಫಸ್ ಕೈಯಲ್ಲಿ ಪೈ ಕಳಿಸಿದ್ದೇನೆ, ದಾರಿಯಲ್ಲಿ ಅವನು ಅರ್ಧ ತಿಂದಿರುತ್ತಾನೆ, ಕೇಳು. ದೇವರು ನಿನ್ನ ಭುಜ ಕಾಯಲಿ, ತಲೆಯನ್ನಂತೂ ಇನ್ನೂ ಹೆಚ್ಚು ಕಾಯಲಿ.

ಇಂತಿ ನಿನ್ನಿಂದ ರೋಸಿಹೋದ ತಾಯಿ,
ಲುವೀನಿಯಾ

ಮ.ವಿ.: ಮಂಗಳವಾರ ಸಂಜೆ. ರೂಫಸ್ ಲಾರಿ ಹೊರಡಿಸಿಕೊಂಡು ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ನುಂಗು ಅಂತ ಬರೆದದ್ದನ್ನು ಹೊಡೆದುಹಾಕು. ಇವತ್ತು ಊಟದ ಬಿಡುವಿನಲ್ಲಿ ಎರ್ನೆಸ್ಟೀನ್ ಬಂದು ಹುಡುಗನಿಗೆ ಏನಾಯ್ತೇ ಅಂದಳು. ಏನೂ ಇಲ್ಲ, ಸಿಟ್ಟಿಗೆ ಮಾಡಿದ್ದಾನೆ, ಯಾಕೆ ಮಾಡಿದೆ ಅಂತ ಕಾಗದ ಬರೆದಿದ್ದೇನೆ ಅಂದೆ. ಅವಳು ನನ್ನ ಮುಖವನ್ನೇ ನೋಡಿ, "ಸನ್ನೆ ಕೊಟ್ಟವರನ್ನ ಯಾಕೆ ಅಂತ ಮೊದಲು ಕೇಳೋದು ಯಾವಾಗಿಂದ ಶುರು ಮಾಡಿದ್ಯೇ ಲುವೀನಿಯಾ? ಮೊದಲು ನಿಲ್ಲಿಸಬೇಕು, ಆಮೇಲೆ ಕೇಳಬೇಕು" ಅಂದಳು. ಪಾಳಿ ಮತ್ತೆ ಶುರುವಾದಾಗ ಅವಳು ತನ್ನ ಜಾಗದಲ್ಲಿ ನಿಂತು ಎರಡೂ ಕೈ ಎತ್ತಿ ಅಡ್ಡ ಹಾಕಿದಳು. ಸಾಲಿನ ಉದ್ದಕ್ಕೂ ಎಲ್ಲರ ಕೈ ಮೇಲೆದ್ದವು, ಸೂಪರ್‌ವೈಸರ್ ಆದ ಆ ಗೋಡೆ ಫೋಟೋದವಳದೂ. ಬೆಲ್ಟ್ ನಿಂತಿತು. ಮ್ಯಾನೇಜರ್ ಓಡಿಬಂದು ಯಾರ ಬೆರಳು, ಯಾರ ಬೆರಳು ಅಂತ ಕೇಳಿದ. ನಮ್ಮ ಹುಡುಗಂದು, ಶನಿವಾರದ ಪಾಳಿಗೆ ನಾವ್ಯಾರೂ ಬರಲ್ಲ ಅಂದಳು ಎರ್ನೆಸ್ಟೀನ್. ಎಲ್ಲರೂ ನಿನ್ನ ಆಟಕ್ಕೆ ಬರೋಕೆ ಚರ್ಚಿನ ವ್ಯಾನು ಕೇಳಿದ್ದೇವೆ. ಪಾದ್ರಿ ತಾಳ್ಮೆಯ ಮಾತೆತ್ತದೆ ಬೀಗದಕೈ ಕೊಟ್ಟರು.

ನಿಲ್ಲಿಸುವುದು ಅಂದರೆ ಬಿಟ್ಟು ಓಡುವುದಲ್ಲ ಮಗನೇ, ಜಾಗದಲ್ಲೇ ನಿಲ್ಲುವುದು. ಟಿಕೆಟ್ ಹರಿದುಹಾಕು. ಶನಿವಾರ ಗೆರೆಯ ಪಕ್ಕ ನಿಂತುಕೋ, ಟೋಪಿ ಹಾಕಿಕೋ, ಕೈ ಮಾತ್ರ ಎತ್ತಬೇಡ, ಒಂದು ಸುಳ್ಳಿಗೂ ಎತ್ತಬೇಡ. ಎತ್ತೋಕೆ ಮೇಲೆ ಗ್ಯಾಲರಿಯಲ್ಲಿ ನಾವಿರುತ್ತೇವೆ. ಆ ಮನುಷ್ಯ ಅಪ್ಪಿಕೊಳ್ಳೋಕೆ ಬಂದಾಗ ಹಳದಿ ಟೋಪಿಯ ಮೇಲೆ ನನ್ನ ಎರಡೂ ಕೈ ಅಡ್ಡ ಇರುತ್ತವೆ. ಬೆರಳು ಹೇಗೆ ಹೋಯಿತು ಅಂತ ಆಮೇಲೆ ಹೇಳುವೆಯಂತೆ. ಈಗ ಚಾಕು ಕೆಳಗಿಡು. ಬೆಲ್ಟ್ ನಿಂತಿದೆ.