ಗಂಟಲಿಗಿಳಿದ ಹನಿ

ಮನೆಯಿಂದ,
ಮಾರ್ಚ್ ಹನ್ನೊಂದು

ನನ್ನ ಸಿಡುಕಿ ಮಗಳಿಗೆ ಅಮ್ಮ ಮಾಡುವ ಆಶೀರ್ವಾದ. ದೇವರ ದಯೆಯಿಂದ ನೀನೂ ಅಳಿಯಂದಿರೂ ಪಾಪುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಅಕ್ಷರ ನೋಡಿ ಗಾಬರಿಯಾಗಬೇಡ. ಸಾಲು ಸೊಟ್ಟಗಾಗಬಾರದೆಂದು ನಿನ್ನ ಅಪ್ಪ ರಟ್ಟಿನಲ್ಲಿ ಉದ್ದಕ್ಕೆ ಒಂದು ಸೀಳು ಕೊರೆದು ಕೊಟ್ಟಿದ್ದಾರೆ. ಆ ಸೀಳಿನೊಳಗೆ ಬರೆಯುತ್ತೇನೆ, ರಟ್ಟನ್ನು ಕೆಳಗೆ ಸರಿಸುತ್ತೇನೆ, ಮತ್ತೆ ಬರೆಯುತ್ತೇನೆ. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೂರಬಾರದಂತೆ. ಇದನ್ನು ಶುರುಮಾಡಿ ಇವತ್ತಿಗೆ ನಾಲ್ಕನೇ ದಿನ.

ಮೊದಲು ಮುಖ್ಯವಾದ ಮಾತು. ಉಪವಾಸ ಬಿಡು. ಕಾಗದ ಪಕ್ಕಕ್ಕಿಟ್ಟು ಏನಾದರೂ ತಿಂದು, ಮಾತ್ರೆ ನುಂಗಿ, ಆಮೇಲೆ ಮುಂದಕ್ಕೆ ಓದು. ಅಮ್ಮನ ಕಣ್ಣಿಗಾಗಿ ನೀನು ಇಪ್ಪತ್ತೊಂದು ದಿನದ ಹರಕೆ ಹೊತ್ತಿದ್ದೀಯಂತೆ, ಹೆರಿಗೆಯ ಕಾಲದಲ್ಲಿ ಅಂಟಿಕೊಂಡ ಬಿ.ಪಿ.ಯ ಮಾತ್ರೆಯನ್ನೂ ಬಿಟ್ಟಿದ್ದೀಯಂತೆ. ಅಳಿಯಂದಿರು ಅಪ್ಪನಿಗೆ ಫೋನಿನಲ್ಲಿ ಹೇಳಿದರು. ಒಂದು ವರ್ಷ ಎರಡು ತಿಂಗಳಿಂದ ನನ್ನೊಂದಿಗೆ ಮಾತು ಬಿಟ್ಟವಳು ನನಗಾಗಿ ಹಸಿದಿದ್ದೀಯ. ಕೇಳಿ ನಾನು ಹಿಗ್ಗಿದೆನೆಂದು ತಿಳಿಯಬೇಡ. ನಾನು ಹೆದರಿದೆ. ಯಾಕೆಂದು ಹೇಳುವುದಕ್ಕೇ ಈ ಕಾಗದ.

ಕಣ್ಣಿನ ಪೊರೆ ತೆಗೆಸಿದ್ದು ಎಂದು ಅಪ್ಪನ ಬಾಯಲ್ಲಿ ಹೇಳಿಸಿದವಳು ನಾನೇ. ಅದು ಪೊರೆಯಲ್ಲ. ಗ್ಲುಕೋಮಾ ಎನ್ನುತ್ತಾರೆ. ಕಣ್ಣಿನೊಳಗೆ ನೀರು ಹುಟ್ಟುತ್ತದಂತೆ, ಅಷ್ಟಷ್ಟೇ ಹೊರಗೂ ಹರಿದು ಹೋಗುತ್ತದಂತೆ. ನನ್ನ ಕಣ್ಣಲ್ಲಿ ಹೋಗುವ ದಾರಿ ಕಟ್ಟಿದೆ. ನೀರು ನಿಂತು ಒತ್ತಡ ಏರಿ, ನೋಟದ ನರ ಒಣಗುತ್ತಾ ಬರುತ್ತದೆ. ನೋವಿಲ್ಲ, ಕೆಂಪಿಲ್ಲ. ಅಂಚಿನಿಂದ ಸ್ವಲ್ಪ ಸ್ವಲ್ಪವೇ ತಿಂದುಕೊಂಡು ಬರುತ್ತದೆ. ಎಡಗಣ್ಣಿಗೆ ಈಗ ಹಗಲು ಯಾವುದು, ರಾತ್ರಿ ಯಾವುದು ಎಂಬುದಷ್ಟೇ ಗೊತ್ತು. ಬಲಗಣ್ಣಿಗೆ ಆಪರೇಷನ್ ಆಗಿದೆ.

ಪಾಪುವಿನ ಹಣೆಯ ವಿಷಯ ಈಗ ಹೇಳುತ್ತೇನೆ. ಆವತ್ತು ಸ್ನಾನ ಮಾಡಿಸಿ ಟವೆಲಿನಲ್ಲಿ ಸುತ್ತಿಕೊಂಡು ಬಚ್ಚಲಿನಿಂದ ಬರುವಾಗ ಮಗುವಿನ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಮೂರು ಹೊಲಿಗೆ ಬಿತ್ತು. ನೆಲ ಒದ್ದೆಯಾಗಿತ್ತು, ಕಾಲು ಜಾರಿತು ಎಂದೆ. ನೀನು ನೆಲ ಮುಟ್ಟಿ ನೋಡಿ ಒಣಗಿದೆ ಎಂದೆ. ಆಮೇಲೆ ನೀನು ಅಂದ ಮಾತು ನನಗೆ ಬಾಯಿಪಾಠವಾಗಿದೆ: "ಬಾಯಲ್ಲಿ ದೇವರು, ಕೈಯಲ್ಲಿ ಮಗು. ಎರಡರಲ್ಲಿ ನಿಂಗೆ ಒಂದೇ ಕಾಣ್ಸೋದು." ಆ ಸಂಜೆಯೇ ನೀನು ಪೆಟ್ಟಿಗೆ ಕಟ್ಟಿಕೊಂಡು ಹೋದೆ. ಮಗಳೇ, ಕಾಲು ಜಾರಿರಲಿಲ್ಲ. ಎಡಗಡೆ ಚೌಕಟ್ಟು ಇದ್ದದ್ದೇ ನನಗೆ ಕಂಡಿರಲಿಲ್ಲ. ಕಾಣಲಿಲ್ಲ ಎಂದು ಅಂದೇ ಹೇಳಿದ್ದರೆ ನೀನು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದೆ, ಅಲ್ಲಿ ನನ್ನ ಗುಟ್ಟು ಹೊರಬೀಳುತ್ತಿತ್ತು. ಅದಕ್ಕೆ ತಪ್ಪನ್ನು ನೆಲದ ಮೇಲೆ ಹಾಕಿದೆ.

ಗುಟ್ಟು ಏನೆಂದರೆ, ನನಗೆ ಈ ರೋಗ ಇರುವುದು ಐದು ವರ್ಷದ ಹಿಂದೆಯೇ ತಿಳಿದಿತ್ತು. ದಿನಾ ಎರಡು ಹೊತ್ತು ಹನಿ ಹಾಕಬೇಕು, ಬದುಕಿರುವವರೆಗೂ ಹಾಕಬೇಕು ಎಂದು ಬರೆದುಕೊಟ್ಟಿದ್ದರು. ಕಣ್ಣುರಿಗೆ ಹಾಕಿಕೊಳ್ಳುತ್ತೇನೆ ಎಂದು ನಿನಗೂ ಅಪ್ಪನಿಗೂ ಹೇಳಿದ್ದೆ. ಆ ಹನಿ ಕಣ್ಣಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಗಂಟಲಿಗೆ ಇಳಿಯುತ್ತದೆ, ಕಹಿಯಾಗಿ. ನನ್ನ ಉಪವಾಸ ನಿನಗೆ ಗೊತ್ತಲ್ಲ, ವಾರಕ್ಕೆರಡು ದಿನ, ನೀರೂ ಇಲ್ಲದೆ. ಗಂಟಲಿಗೆ ಕಹಿ ಇಳಿದರೆ ಅದು ಉಪವಾಸವೇ ಎಂದು ಮನಸ್ಸು ಒಪ್ಪಲಿಲ್ಲ. ಆ ಎರಡು ದಿನ ಹನಿ ಬಿಟ್ಟೆ. ಯಾರನ್ನೂ ಕೇಳಲಿಲ್ಲ. ನೋವಿದ್ದಿದ್ದರೆ ನೆನಪಾದರೂ ಆಗುತ್ತಿತ್ತೇನೋ. ಇನ್ನೊಂದು ಸಲ, ಎರಡು ವರ್ಷದ ಹಿಂದೆ, ಅಪ್ಪನ ಬೀಗದ ಅಂಗಡಿ ಉಳಿಯಲಿ ಎಂದು ನಲವತ್ತು ದಿನದ ಕಟ್ಟುನಿಟ್ಟು ಹಿಡಿದೆ. ಹಗಲೆಲ್ಲ ಉಪವಾಸ, ರಾತ್ರಿ ಒಂದು ಹೊತ್ತು ಊಟ. ರಾತ್ರಿ ಹಾಕಬಹುದಿತ್ತು. ವ್ರತ ಮುಗಿಯುವ ತನಕ ಔಷಧಿಯೇ ಬೇಡ, ದೇವರು ನೋಡಿಕೊಳ್ಳಲಿ ಎಂದುಬಿಟ್ಟೆ. ಎಡಗಣ್ಣು ಹೆಚ್ಚಾಗಿ ಹೋದದ್ದು ಆಗಲೇ ಇರಬೇಕು.

ಬೈಂಡಿಂಗ್ ಅಂಗಡಿಯಲ್ಲಿ ನನ್ನ ಕೆಲಸ ನೀನು ನೋಡಿದ್ದೀಯ. ಉದ್ದ ಮೇಜಿನ ಮೇಲೆ ಮಡಿಸಿದ ಹಾಳೆಗಳ ಹನ್ನೆರಡು ಅಟ್ಟಿ. ಎಡದಿಂದ ಬಲಕ್ಕೆ ನಡೆಯುತ್ತಾ ಒಂದೊಂದರಿಂದ ಒಂದೊಂದು ಎತ್ತಿಕೊಂಡರೆ ಮೇಜಿನ ಕೊನೆಗೆ ಕೈಯಲ್ಲಿ ಒಂದು ಪುಸ್ತಕ. ಇಪ್ಪತ್ತಾರು ವರ್ಷ ಹಾಗೆ ನಡೆದಿದ್ದೇನೆ. ಈ ಜನವರಿಯಲ್ಲಿ ಇನ್ನೂರು ಪುಸ್ತಕ ಮೊದಲ ಹದಿನಾರು ಪುಟವೇ ಇಲ್ಲದೆ ಹೊಲಿಗೆಗೆ ಹೋದವು. ಎಡತುದಿಯ ಅಟ್ಟಿ ಮುಟ್ಟದೆ ಹಾಗೇ ಕೂತಿತ್ತು. ದೇವರಿಗೆ ಕೊಡುವ ಗಮನದಲ್ಲಿ ಕಾಲುಭಾಗ ತಮ್ಮ ಪುಸ್ತಕಕ್ಕೂ ಕೊಡಬೇಕೆಂದು ಯಜಮಾನರು ಎಲ್ಲರ ಎದುರು ಹಂಗಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂಟು ಹಚ್ಚುವ ಗೋಂದಕ್ಕ ಮಾತ್ರ ನಗಲಿಲ್ಲ. ಒಂದು ಲೋಟ ನೀರನ್ನು ನನ್ನ ಎಡಗಡೆಯಿಂದ ಚಾಚಿ ಸುಮ್ಮನೆ ನಿಂತಳು. ನಾನು ತೆಗೆದುಕೊಳ್ಳಲಿಲ್ಲ, ಕಂಡಿದ್ದರಲ್ಲವೇ. ಮರುದಿನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ನಿನಗಿಂತ ಚಿಕ್ಕವಳು. ಒತ್ತಡ ಮೂವತ್ತೆಂಟಿದೆ, ಇಪ್ಪತ್ತರ ಒಳಗಿರಬೇಕಿತ್ತು ಎಂದಳು. ಹಳೆಯ ಚೀಟಿ ನೋಡಿ ಕೇಳಿದಳು: "ಹನಿ ದಿನಾ ಹಾಕ್ತಿದ್ರಾ?"

"ಹಾಕ್ತಿದ್ದೆ," ಎಂದೆ.

"ಹಾಗಾದ್ರೆ ಔಷಧಿ ನಿಮ್ಮ ಕಣ್ಣಿಗೆ ನಾಟ್ತಿಲ್ಲ. ಇನ್ನು ಆಪರೇಷನ್ನೇ."

ಬಾಯಿ ಬಿಡುವುದಕ್ಕೆ ಅದೇ ಹೊತ್ತು. ಬಿಡಲಿಲ್ಲ. ದಿನಕ್ಕೆ ಎರಡು ಸಲ ದೇವರ ಮುಂದೆ ಕೈಮುಗಿಯುವವಳು ಆ ಹುಡುಗಿಯ ಮುಂದೆ ಸುಳ್ಳಿ ಎನ್ನಿಸಿಕೊಳ್ಳಲು ನಾಚಿದೆ. ಉಳಿದ ಒಂದೇ ಕಣ್ಣನ್ನು ಆ ನಾಚಿಕೆಗಾಗಿ ಕತ್ತರಿಯ ಕೆಳಗೆ ಇಟ್ಟೆ.

ಎಚ್ಚರವಿದ್ದಾಗಲೇ ಮಾಡುತ್ತಾರೆ. ಕಣ್ಣಿನ ಪಕ್ಕಕ್ಕೆ ಸೂಜಿ ಕೊಟ್ಟರು, ಮುಖ ಮರದ ಹಾಗಾಯಿತು. ಮೇಲಿನ ರೆಪ್ಪೆಯ ಅಡಿಯಲ್ಲಿ, ಬಿಳಿಯ ಭಾಗದಲ್ಲಿ, ನೀರು ಜಿನುಗಿ ಹೋಗಲು ಒಂದು ಪುಟ್ಟ ಬಾಗಿಲು ಕತ್ತರಿಸುತ್ತಾರೆ. ನಿಮ್ಮ ಪಾದ ನೋಡಿ, ಪಾದ ನೋಡಿ ಎನ್ನುತ್ತಿದ್ದಳು ಡಾಕ್ಟರಮ್ಮ. ಯಾವ ಪಾದ, ಬರೀ ಬೆಳಕು. ನಾನು ದೇವರ ನಾಮ ಹೇಳುತ್ತಿದ್ದೆ. ತುಟಿ ಅಲುಗಿದರೆ ಮುಖ ಅಲುಗುತ್ತದೆ, ಸುಮ್ಮನಿರಿ ಎಂದಳು. ಸುಮ್ಮನಾದೆ. ಅಷ್ಟು ಹೊತ್ತು ನಾಮವಿಲ್ಲದೆ ಹಿಂದೆಂದೂ ಮಲಗಿದ್ದು ನನಗೆ ನೆನಪಿಲ್ಲ.

ಈಗ ಒತ್ತಡ ಹನ್ನೊಂದಕ್ಕೆ ಇಳಿದಿದೆ. ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರಮ್ಮನಿಗೆ ಸಂತೋಷ. ಆದರೆ ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿದರೆ ಸಾಕು ಎಂದಳು. ಇದ್ದದ್ದು ಎಂದರೆ ಕೊಳವೆಯೊಳಗಿಂದ ನೋಡಿದಷ್ಟು. ಅಂಗಡಿಯಲ್ಲಿ ನನ್ನ ಜಾಗದಲ್ಲಿ ಬೇರೆಯವಳು ನಡೆಯುತ್ತಿದ್ದಾಳೆ. ಬಗ್ಗಬಾರದು, ಭಾರ ಎತ್ತಬಾರದು. ದೇವರಿಗೆ ತಲೆ ನೆಲಕ್ಕೆ ಮುಟ್ಟಿಸಿ ನಮಸ್ಕಾರ ಮಾಡುವ ಹಾಗಿಲ್ಲ. ಕುರ್ಚಿಯಲ್ಲಿ ಕೂತು ಕೈಮುಗಿಯುತ್ತೇನೆ, ಯಾರೋ ನೆಂಟರನ್ನು ಮಾತಾಡಿಸಿದ ಹಾಗೆ.

ಹನಿ ಈಗ ಅಪ್ಪನೇ ಹಾಕುತ್ತಾರೆ. ಮೂರು ಸಲ ಸೋಪು ಹಾಕಿ ಕೈ ತೊಳೆದರೂ ಬೆರಳಲ್ಲಿ ಕಬ್ಬಿಣದ ವಾಸನೆ. ಇಷ್ಟು ವರ್ಷ ಊರಿನ ಬೀಗವೆಲ್ಲ ತೆಗೆದೆ, ನಿನ್ನ ರೆಪ್ಪೆ ತೆಗೆಯುವಷ್ಟು ಕಷ್ಟ ಯಾವುದೂ ಇರಲಿಲ್ಲ ಎಂದು ಗೊಣಗುತ್ತಾರೆ. ಹೋದ ವಾರ ಬಟ್ಟೆ ಹುಡುಕುವಾಗ ದೇವರ ಪಟದ ಕೆಳಗಿನ ಡ್ರಾಯರಿನಲ್ಲಿ ಅವರಿಗೆ ಹಳೆಯ ಹನಿ ಬಾಟಲಿಗಳು ಸಿಕ್ಕಿದವು. ಒಂಬತ್ತು, ಮುಚ್ಚಳ ತೆಗೆಯದವು. ತಂದು ಒಂದೊಂದಾಗಿ ನನ್ನ ಮಡಿಲಿಗೆ ಹಾಕಿದರು. "ಇದನ್ನೂ ದೇವ್ರಿಗೇ ಇಟ್ಟಿದ್ದೆಯಾ?" ಎಂದಷ್ಟೇ ಕೇಳಿದರು. ಎರಡು ದಿನ ಮಾತಾಡಲಿಲ್ಲ. ಹನಿ ಮಾತ್ರ ಹೊತ್ತಿಗೆ ಸರಿಯಾಗಿ ಹಾಕಿದರು. ಮೂರನೇ ದಿನ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋಗಿ ನಿಜ ಹೇಳಿಸಿದರು. ಅವಳು ಬೈಯಲಿಲ್ಲ. ಪೆನ್ನು ಕೆಳಗಿಟ್ಟು, ನಿಮಗೆ ಮಕ್ಕಳಿದ್ದಾರೆಯೇ ಎಂದು ಕೇಳಿದಳು.

ಈ ರೋಗ ರಕ್ತದಲ್ಲಿ ಇಳಿಯುತ್ತದಂತೆ. ನೀನು ಕಣ್ಣಿನ ಒತ್ತಡ ಅಳೆಸಿಕೋ, ಈ ವಾರವೇ. ಹನಿ ಕೊಟ್ಟರೆ ಹಾಕಿಕೋ. ಗಂಟಲಿಗೆ ಕಹಿ ಇಳಿದರೆ ಇಳಿಯಲಿ. ಮತ್ತೆ ನನಗಾಗಿ ಹಸಿಯಬೇಡ. ಹಸಿದರೆ ಏನಾಗುತ್ತದೆಂದು ನಾನು ನೋಡಿದ್ದೇನೆ.

ನಿನ್ನ
ಅಮ್ಮ

ಮತ್ತೆ: ಕಾಗದ ಮಡಿಸುವ ಮೊದಲು ಸಾಲು ತಪ್ಪಿದೆಯೇ ನೋಡಿ ಎಂದು ಅಪ್ಪನಿಗೆ ಕೊಟ್ಟೆ. ಓದಿ, ನನ್ನ ಬೆರಳಿಗೆ ಪೆನ್ನು ವಾಪಸು ಸಿಕ್ಕಿಸಿದರು. "ನನ್ನ ಅಂಗಡಿಗೆ ನೀನು ಯಾವತ್ತು ಉಪವಾಸ ಮಾಡಿದ್ದೆ?" ಎಂದರು. ಬರೆಯಬಾರದು ಅಂದುಕೊಂಡಿದ್ದೆ. ಆ ನಲವತ್ತು ದಿನ ಅಂಗಡಿಗಲ್ಲ, ನಿನಗೆ ಏಳನೇ ತಿಂಗಳು ಹಿಡಿದಾಗ, ಮಗುವಿನ ಎದೆಬಡಿತ ಕ್ಷೀಣವಾಗಿದೆ ಎಂದು ನಿನ್ನನ್ನು ಆಸ್ಪತ್ರೆಯಲ್ಲಿ ಮಲಗಿಸಿದ್ದರಲ್ಲ, ಆಗಿನದು. ಪಾಪು ಬಂತು. ಅಷ್ಟು ಸಾಕು. ದೇವರು ನನ್ನ ಕಣ್ಣು ಕೇಳಿರಲಿಲ್ಲ, ನೀನೂ ಕೇಳಿರಲಿಲ್ಲ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಪಾಪುವಿನ ಫೋಟೋ ಕಳಿಸುವುದಾದರೆ ಚಿಕ್ಕದು ಕಳಿಸು, ಗುರುತಿನ ಚೀಟಿಗೆ ಅಂಟಿಸುವಷ್ಟು. ದೊಡ್ಡದಾದರೆ ಮುಖ ಒಟ್ಟಿಗೆ ಸಿಗುವುದಿಲ್ಲ.