ಜಪಾನಿನ ಅಕ್ಕಿ ದಾರು

ಸಾರಿಕಾಗ,

ಇದನ್ನ ಫೋನಿನ್ಯಾಗ ಹೇಳಾಕ ಆಗೂದಿಲ್ಲ, ಅದಕ್ಕ ಹಾಳಿ ಮ್ಯಾಲ ಬರದು ಅದರ ಫೋಟೋ ಕಳಿಸೇನಿ.

ದ್ರಾಕ್ಷಿ ಬೆಳೆಗಾರರ ಸಂಘದವರು ಇವತ್ತ ನಮ್ಮನ್ನ ಇಲ್ಲಿ ಜಪಾನಿನ ಒಂದು ಹಳೇ ದಾರು ಕಾರಖಾನಿಗೆ ಕರಕೊಂಡ ಹೋಗಿದ್ರು. ಅನ್ನ ಹುಳಿಸಿ ದಾರು ತಗೀತಾರ. ಮುದುಕ ಮಾಲಕ ನನ್ನ ಮುಂದ ಬಗ್ಗಿ, ಎರಡೂ ಕೈಲೆ ಬಟ್ಟಲ ಕೊಟ್ಟ. ಇನ್ನ ಕುಡಿಯೂದಿಲ್ಲಂತ ಪಂಢರಪುರದಾಗ ಆಣಿ ಮಾಡಿ ತುಳಸಿಮಾಲಿ ಹಾಕಿಕೊಂಡ ಆರು ವರ್ಷದ ಮ್ಯಾಲ ಆ ವಾಸನಿ ಮೂಗಿಗೆ ಬಡೀತು. ತುಂಬಿದ ಬಟ್ಟಲ ಹಂಗ ತಿರುಗಿ ಕೊಟ್ಟೆ. ನಿನ್ನಾಣೆ, ಕುಡೀಲಿಲ್ಲ.

ಆದ್ರೂ ಕುಂತಲ್ಲಿ ಕುಂದ್ರಾಕ ಆಗವಲ್ದು. ಸೋಮವಾರ ನಾ ತಿರುಗಿ ಬಂದ ಇಳಿಯೂ ಮಿರಜ ಸ್ಟೇಶನ್ನಿಗೆ ನೀ ಒಬ್ಬಾಕೀನ ಬಾ. ಅವ್ವಗ ಹೇಳಬ್ಯಾಡ. ಅಲ್ಲಿಂದನ ಪಂಢರಪುರಕ್ಕ ಹೋಗಿ, ಮಾಲಿ ಮತ್ತ ಹಾಕಿಸಿಕೊಂಡ, ಆಮ್ಯಾಲ ನಮ್ಮೂರ ಜುಗೂಳಕ್ಕ ಬರೂಣು.

ಕುಡೀಲಿಲ್ಲಂದ್ರ ಮತ್ಯಾಕ ಅಂತೀ? ಕಾರಖಾನಿ ಬರೂಕಿಂತ ಮದ್ಲ, ಬಸ್ಸಿನ್ಯಾಗನ, ಮಾಲಿ ತಗದು ಕಿಸೆದಾಗ ಇಟಗೊಂಡಿದ್ದೆ.

ಇಂತಿ ನಿನ್ನ ಗಂಡ,
ಭರಮು